ಕೆಫೀನು ಕಳೆದ ಹಾಲುಕಾಫಿ

ಕೊಡಗಿನಿಂದಿಳಿದ ಕಾಫಿಬೀಜವು ಒಂದು ಕಾಲಕ್ಕೆ ಹುಣಸೂರಿನ ಕಾಫಿ ವರ್ಕ್ಸಿನಲ್ಲಿ ಹಸನಾಗುತ್ತಿದ್ದುದರಿಂದಲೋ ಏನೋ, ಕಾಫಿಯನ್ನು ತ್ಯಜಿಸಿರೆಂದು ವೈದ್ಯರು ವಿಧಿಸಿದರೆ ಈ ಸೀಮೆಯ ಗೃಹಸ್ಥರಿಗೆ ಅದು ಏಕಾದಶಿಯ ಉಪವಾಸಕ್ಕಿಂತ ಕಠಿನವಾದ ವ್ರತವಾಗಿ ತೋರುತ್ತದೆ. ನಿದ್ರೆ ಬಾರದವರಿಗೂ ಎದೆ ಡವಗುಟ್ಟುವವರಿಗೂ ಮಧ್ಯಮಮಾರ್ಗವೆನಿಸಿರುವ ಕೆಫೀನ್‌ರಹಿತ ಕಾಫಿಯಾದರೋ ಹೊಸ ವಸ್ತುವಲ್ಲ; ಜರ್ಮನಿಯ ಬ್ರೆಮೆನ್ ನಗರದ ವರ್ತಕ ಲುಡ್ವಿಗ್ ರೊಸೆಲಿಯಸ್ 1906ರಲ್ಲಿಯೇ ಅದಕ್ಕಾಗಿ ಕಂಪನಿಯನ್ನು ಕಟ್ಟಿದ್ದನು. ಅವನು ಬಳಸಿದ ದ್ರಾವಕ ಬೆಂಜೀನು ವಿಷವೆಂದು ತಿಳಿದ ಬಳಿಕ, ನೀರು, ಈಥೈಲ್ ಅಸಿಟೇಟ್, ಅತಿಯಾದ ಒತ್ತಡದಲ್ಲಿರಿಸಿದ ಇಂಗಾಲದ ಡೈಆಕ್ಸೈಡ್ ಮೊದಲಾದುವು ಅದರ ಸ್ಥಾನಕ್ಕೆ ಬಂದುವು.

ಕೆಫೀನನ್ನು ತೆಗೆಯುವುದು ಹುರಿದ ಪುಡಿಯಿಂದಲ್ಲ, ಹಸಿಬೀಜದಿಂದ. ಹಬೆಯಲ್ಲಿ ಉಬ್ಬಿ ಮೆತ್ತಗಾದ ಬೀಜದಿಂದ ದ್ರಾವಕವು ಕೆಫೀನನ್ನು ಸೆಳೆದುಕೊಂಡ ಮೇಲೆ, ಆ ಬೀಜವನ್ನು ಒಣಗಿಸಿ ಹುರಿಯುತ್ತಾರೆ. ಪರಿಮಳವು ಹುಟ್ಟುವುದು ಬಹುಮಟ್ಟಿಗೆ ಹುರಿಯುವಾಗಲೇ ಆದುದರಿಂದ ನಷ್ಟವು ಸಹನೀಯ. ಕೊಡಗಿನಲ್ಲಿ ಹೆಚ್ಚಾಗಿ ಬೆಳೆಯುವ ರೊಬಸ್ಟದಲ್ಲಿ ಶೇಕಡ 2ಕ್ಕೂ ಮೀರಿ ಇರುವ ಕೆಫೀನು ಈ ಕ್ರಮದಿಂದ ಶೇಕಡ 0.1ರ ಆಸುಪಾಸಿಗೆ ಇಳಿಯುತ್ತದೆ, ಸೊನ್ನೆಗಲ್ಲ.

ಕಾಫಿಪುಡಿಗೆ ಬೆರೆಸುವ ಚಿಕೋರಿಯ ಬೇರಿನಲ್ಲಿ ಕೆಫೀನೇ ಇಲ್ಲ. ಮಿಶ್ರಣದಲ್ಲಿ ಶೇಕಡ 49ರವರೆಗೆ ಅದಕ್ಕೆ ಕಾನೂನಿನ ಅನುಮತಿಯೂ ಉಂಟು. ಆದುದರಿಂದ ಕೆ.ಆರ್. ನಗರದ ಹೋಟೆಲಿನಲ್ಲಿ ಚಿಕೋರಿ ಬೆರೆತ ಡಿಕಾಕ್ಷನ್ನನ್ನು ಹೀರುವಾತನು, ತನಗರಿವಿಲ್ಲದೆಯೇ, ಈ ಮಾರ್ಗದಲ್ಲಿ ಕೆಲಮಟ್ಟಿಗೆ ನಡೆದುಬಿಟ್ಟಿರುತ್ತಾನೆ!

ಇನ್ನು ಪೋಷಣೆಯ ಮಾತು. ಡಿಕಾಕ್ಷನ್ನಿನಲ್ಲಿರುವುದು ಒಂದೆರಡು ಕ್ಯಾಲೊರಿ ಮಾತ್ರ. ಲೋಟದೊಳಗಿನ 120 ಮಿಲಿಲೀಟರು ಟೋನ್ಡ್ ಹಾಲು ಸುಮಾರು 70 ಕ್ಯಾಲೊರಿಯನ್ನೂ, 4 ಗ್ರಾಮಿನಷ್ಟು ಪ್ರೋಟೀನನ್ನೂ, ಒಳ್ಳೆಯ ಪ್ರಮಾಣದ ಕ್ಯಾಲ್ಸಿಯಮ್ಮನ್ನೂ ಕೊಡುತ್ತದೆ; ಎರಡು ಚಮಚ ಸಕ್ಕರೆಯು ಬರಿಯ 40 ಕ್ಯಾಲೊರಿಯನ್ನು ಕೊಟ್ಟು ಸುಮ್ಮನಾಗುತ್ತದೆ. ಕೆಫೀನು ಮೂತ್ರದಲ್ಲಿ ಹೊರಹಾಕುವ ಕ್ಯಾಲ್ಸಿಯಮ್ಮು ಅತ್ಯಲ್ಪವಾಗಿ, ಒಂದೆರಡು ಚಮಚ ಹಾಲಿನಿಂದಲೇ ತುಂಬಿಬರುವಂತಹುದು. ಎಂದಮೇಲೆ ಕೆಫೀನನ್ನು ಕಳೆದುದರಿಂದ ಲೋಟದ ಪುಷ್ಟಿಯು ಹೆಚ್ಚಲಿಲ್ಲ. ಮಧುಮೇಹಿಯ ಸಕ್ಕರೆಯೂ ಹಾಗೆಯೇ ಉಳಿಯಿತು.

ಉಳಿದ ಮತ್ತೊಂದು ಅಂಶವನ್ನು ಜಾಹೀರಾತುಗಳು ಹೇಳುವುದಿಲ್ಲ. ಆಹಾರದ ಕಬ್ಬಿಣಾಂಶವನ್ನು ಹಿಡಿದು ರಕ್ತಕ್ಕೆ ಸೇರಗೊಡದಿರುವುದು ಕೆಫೀನಲ್ಲ, ಕಾಫಿಯಲ್ಲಿರುವ ಪಾಲಿಫಿನಾಲುಗಳು. ಅವು ಕೆಫೀನ್‌ರಹಿತ ಕಾಫಿಯಲ್ಲಿಯೂ ಬಹುಪಾಲು ಇದ್ದೇ ಇರುತ್ತವೆ. ಹೆಗ್ಗಡದೇವನಕೋಟೆಯ ಕಡೆಯ ರಾಗಿಮುದ್ದೆ, ಸೊಪ್ಪಿನ ಸಾರಿನ ಊಟದಲ್ಲಿ ಕಬ್ಬಿಣವು ಮೊದಲೇ ದಕ್ಕುವುದು ಕಷ್ಟವಾಗಿರಲು, ಅದರ ಬೆನ್ನಿಗೇ ಕಾಫಿ ಕುಡಿಯುವ ರಕ್ತಹೀನತೆಯ ಬಸುರಿಗೆ ಕೆಫೀನ್ ತೆಗೆದ ಪುಡಿಯು ನಿದ್ರೆಯನ್ನು ಉಳಿಸಿಕೊಟ್ಟೀತೇ ಹೊರತು ಕಬ್ಬಿಣವನ್ನಲ್ಲ. ಆಕೆಯು ಊಟಕ್ಕೂ ಲೋಟಕ್ಕೂ ನಡುವೆ ಒಂದು ಗಂಟೆಯ ಅಂತರವನ್ನಿಡುವುದು ಲೇಸು.