ಕೆಂಟಕಿಯ ಸೊಪ್ಪಿಗೆ ಕಿಮ್ಚಿಯ ಒಗ್ಗರಣೆ

ಒಂದು ಭಾನುವಾರ ನನ್ನ ಮಗ ಪಾವನ್ನು ಸೀಳಿ, ಒಳಗೆ ಹುರುಳಿಕಾಯಿ ಪಲ್ಯ ತುಂಬಿ, ಎಣ್ಣೆಯಲ್ಲಿ ಕಲಸಿದ ಚಟ್ನಿಪುಡಿ ಸವರಿಕೊಂಡು ತಿನ್ನುತ್ತಿದ್ದ. "ಅತ್ತ ನಮ್ಮೂರಿನದೂ ಅಲ್ಲ, ಇತ್ತ ಮುಂಬಯಿಯದೂ ಅಲ್ಲ, ಇದೇನೋ ಅವತಾರ!" ಎಂದು ಗದರಿದೆ. "ನಾನೂ ಹಾಗೇ ಅಲ್ವೇನಮ್ಮ?" ಎಂದುಬಿಟ್ಟ. ನನಗೆ ಉತ್ತರ ತೋಚಲಿಲ್ಲ.

ಸಂಘದ ಎಳೆಯ ಮಿತ್ರರೇ, ನಿಮ್ಮ ಮನೆಗಳಲ್ಲೂ ಈ ಮಾತು ಬಂದಿರಬಹುದು. ಅದಕ್ಕೇ ಎಡ್ವರ್ಡ್ ಲೀ ಎಂಬ ಅಡುಗೆಯವರ ವಿಷಯ ಹೇಳುತ್ತೇನೆ. ತಂದೆತಾಯಿ ಕೊರಿಯಾದವರು, ಇವರು ಬೆಳೆದದ್ದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಓದಿದ್ದು ಇಂಗ್ಲಿಷ್ ಸಾಹಿತ್ಯ. (ನಾನೂ ಅದನ್ನೇ ಓದಿದವಳು. ಇಬ್ಬರೂ ಒಲೆಯ ಮುಂದೆಯೇ ನಿಂತೆವು, ಅವರಿಗೆ ಮಾತ್ರ ಪ್ರಶಸ್ತಿ ಬಂತು!)

1998ರಲ್ಲಿ ಲೀ ನ್ಯೂಯಾರ್ಕಿನಲ್ಲಿ 'ಕ್ಲೇ' ಎಂಬ ಕೊರಿಯನ್ ಹೋಟೆಲು ತೆರೆದರು. 2001ರಲ್ಲಿ ಕುದುರೆ ಪಂದ್ಯ ನೋಡಲೆಂದು ಕೆಂಟಕಿ ರಾಜ್ಯದ ಲೂಯಿವಿಲ್‌ಗೆ ಹೋದವರು '610 ಮ್ಯಾಗ್ನೋಲಿಯಾ' ಎಂಬ ಹೋಟೆಲಿನ ಅಡುಗೆಮನೆಗೆ ಕಾಲಿಟ್ಟರು. ಆಮೇಲೆ ಮಹಾನಗರ ಬಿಟ್ಟು ಆ ಊರಿನಲ್ಲೇ ನೆಲೆಸಿ, ಆ ಹೋಟೆಲನ್ನೇ ವಹಿಸಿಕೊಂಡರು.

ಅಮೆರಿಕದ ದಕ್ಷಿಣದವರಿಗೆ ಕೊಲಾರ್ಡ್ ಎಂಬ ದಪ್ಪ ಎಲೆಯ ಸೊಪ್ಪು ಬಲು ಇಷ್ಟ. ಉಪ್ಪಿನಲ್ಲಿಟ್ಟ ಹಂದಿಮಾಂಸದ ಜೊತೆ ಅದನ್ನು ಬಹಳ ಹೊತ್ತು ಬೇಯಿಸಿ, ಹುಳಿಗೆ ವಿನಿಗರ್ ಹಾಕುತ್ತಾರೆ. ಲೀ ಅದಕ್ಕೆ ಕಿಮ್ಚಿ ಬೆರೆಸಿದರು. ಕಿಮ್ಚಿಯೆಂದರೆ ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ ಹಚ್ಚಿ ಹುಳಿ ಬರಿಸಿದ ಕೋಸು. ಹುಳಿಯೂ ಖಾರವೂ ಅದರಲ್ಲೇ ಉಂಟು. (ಮಾಂಸದ ಮಾತಿಗೆ ಮೂಗು ಮುರಿಯಬೇಡಿ, ನಾನೂ ಸಸ್ಯಾಹಾರಿಯೇ. ಅಡುಗೆಯ ಯುಕ್ತಿಗೆ ಮಡಿಯಿಲ್ಲ.) ನನಗೆ ಹಿಡಿಸಿದ್ದು ಇದು: ದೋಸೆಯ ಮೇಲೆ ಶೆಜವಾನ್ ಸಾಸ್ ಸುರಿದಂಥ ಬೆರಕೆ ಇದಲ್ಲ. ಚಳಿಗಾಲ ದಾಟಿಸಲು ಕೊರಿಯಾದವರು ಕೋಸನ್ನು ಉಪ್ಪಿಗೆ ಹಾಕಿದರು, ಕೆಂಟಕಿಯ ರೈತರು ಮಾಂಸವನ್ನು ಉಪ್ಪಿಗೆ ಹಾಕಿದರು. ಎರಡೂ ಕಡೆಯ ಅಜ್ಜಿಯರ ಲೆಕ್ಕಾಚಾರ ಒಂದೇ. ಎರಡೂ ಅಡುಗೆ ಬಲ್ಲವರಿಗಷ್ಟೇ ಆ ನೆಂಟಸ್ತಿಕೆ ಕಾಣುತ್ತದೆ.

2023ರ ಏಪ್ರಿಲಿನಲ್ಲಿ ದಕ್ಷಿಣ ಕೊರಿಯಾದ ಅಧ್ಯಕ್ಷರಿಗೆ ಶ್ವೇತಭವನದಲ್ಲಿ ಔತಣವಾದಾಗ ಅತಿಥಿ ಬಾಣಸಿಗರಾಗಿದ್ದವರು ಇವರೇ. ಏಡಿಯ ವಡೆಗೆ ಕೊರಿಯಾದ ಹುಳಿಬಂದ ಮೆಣಸಿನ ಗೊಜ್ಜು, ಐಸ್‌ಕ್ರೀಮಿನ ಮೇಲೆ ಹುಳಿಬಂದ ಸೋಯಾ ಗೊಜ್ಜು ಬೆರೆತ ಸಕ್ಕರೆಪಾಕ! ಗಜ್ಜರಿಗೆ ಮಾತ್ರ ಜೋಳದ ದಂಟಿನ ರಸ ಕಾಯಿಸಿದ ಪಾಕ. ಹೌದು, ಉತ್ತರ ಕರ್ನಾಟಕದ ರೊಟ್ಟಿಯ ಜೋಳದ ಜಾತಿಯದೇ; ಕೆಂಟಕಿಯಲ್ಲಿ ಅದರ ಸಿಹಿ ದಂಟು ಹಿಂಡಿ ಜೋನಿಬೆಲ್ಲದಂಥ ಪಾಕ ಮಾಡುತ್ತಾರೆ.

2024ರಲ್ಲಿ 100 ಅಡುಗೆಯವರು ಸೇರಿದ್ದ ಕೊರಿಯಾದ ಸ್ಪರ್ಧೆ 'ಕಲಿನರಿ ಕ್ಲಾಸ್ ವಾರ್ಸ್'ನಲ್ಲಿ ಲೀ ಕೊನೆಯ ಸುತ್ತಿಗೆ ಬಂದರು. ನಿಮ್ಮ ಹೆಸರಿಗೆ ತಕ್ಕ ಅಡುಗೆ ಮಾಡಿ ಎಂಬುದೇ ಪರೀಕ್ಷೆ. ಕೊರಿಯನ್ ಮಾತು ಅವರಿಗೆ ಸರಾಗವಲ್ಲ. ಆದರೂ ತಾವೇ ಕೊರಿಯನ್ನಿನಲ್ಲಿ ಬರೆದ ಕಾಗದವನ್ನು ತಡವರಿಸುತ್ತ ಓದಿದರು. ತಕ್‌ಬೊಕ್ಕಿ, ಅಂದರೆ ಖಾರದ ಗೊಜ್ಜಿನ ಅಕ್ಕಿಕಡುಬು, ತಿನ್ನಹೋದಾಗಲೆಲ್ಲ ತಟ್ಟೆಯಲ್ಲಿ ಎರಡು-ಮೂರು ತುಂಡು ಉಳಿಯುತ್ತದಂತೆ. ಯಾಕಿಷ್ಟು ಬಡಿಸುತ್ತಾರೆಂದು ಮೊದಲು ಅನಿಸುತ್ತಿತ್ತಂತೆ; ಆಮೇಲೆ ತಿಳಿಯಿತಂತೆ, ಅದು ದಂಡವಲ್ಲ, ಪ್ರೀತಿ ಎಂದು. ಆ ಉಳಿದ ತುಂಡುಗಳ ನೆನಪಿಗೆ ತಕ್‌ಬೊಕ್ಕಿಯನ್ನೇ ತಣ್ಣನೆಯ ಸಿಹಿತಿಂಡಿ ಮಾಡಿ ಬಡಿಸಿದರು. ಇದನ್ನು ಮಾಡಿದ್ದು ಎಡ್ವರ್ಡ್ ಅಲ್ಲ, ಕ್ಯೂನ್ ಎಂದು ಮನೆಯವರಿಟ್ಟ ಕೊರಿಯನ್ ಹೆಸರು ಹೇಳಿದರು. ಬಂದದ್ದು ಎರಡನೆಯ ಸ್ಥಾನ. ಓದುವಾಗ ಕಣ್ಣೊರೆಸಿಕೊಂಡವಳು ನಾನೊಬ್ಬಳೇ ಅಲ್ಲ, ಪಕ್ಕದಲ್ಲಿ ಕೂತಿದ್ದ ಮಗನೂ.

ಅವನ ಪಾವ್-ಪಲ್ಯವನ್ನು ಮುಂದಿನ ಭಾನುವಾರ ಕೇಳಿ ಹಾಕಿಸಿಕೊಂಡು ತಿಂದೆ. ವಡಾಪಾವಿನ ಒಣ ಬೆಳ್ಳುಳ್ಳಿ ಚಟ್ನಿಗೂ ನಮ್ಮ ಚಟ್ನಿಪುಡಿಗೂ ದಾಯಾದಿ ಸಂಬಂಧವಿದೆಯೆಂದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಪಲ್ಯಕ್ಕೆ ಇನ್ನೊಂದಿಷ್ಟು ಕಾಯಿತುರಿ ಬೇಕಿತ್ತು, ಅಷ್ಟೆ.