ಆಟದ ಬಯಲಿನ ಉಪಾಧ್ಯಾಯರು: ಅಮೇರಿಕದ ಕಾಲೇಜುಗಳಲ್ಲಿ ಸಹಾಯಕ ತರಬೇತುದಾರರ ಆಯ್ಕೆ

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂದು ಕರೆಯಿಸಿಕೊಳ್ಳುವ ಆಟವು, ನಮ್ಮ ಕಾಸರಗೋಡು ಸೀಮೆಯ ಹುಡುಗರು ಮಳೆಗಾಲದ ಕೆಸರಿನಲ್ಲಿಯೂ ಬಿಡದೆ ಆಡುವ ಕಾಲ್ಚೆಂಡಾಟವಲ್ಲವೆಂಬುದನ್ನು ಮೊದಲಿಗೇ ಹೇಳಿಬಿಡುವುದು ಲೇಸು. ಅಲ್ಲಿಯ ಚೆಂಡು ಎರಡು ತುದಿಯಲ್ಲಿಯೂ ಚೂಪಾದುದು. ಅದನ್ನು ಒದೆಯುವುದು ಅಪರೂಪ. ಕೈಯಲ್ಲಿ ಹಿಡಿದು ಓಡುವುದೂ ಮುಂದಕ್ಕೆ ಎಸೆಯುವುದೂ ಹೆಚ್ಚು. ನೂರು ಗಜ ಉದ್ದದ ಬಯಲಿನಲ್ಲಿ ಪಕ್ಷಕ್ಕೆ 11 ಮಂದಿಯಂತೆ ನಿಲ್ಲುತ್ತಾರೆ. ಚೆಂಡು ಯಾರ ಕೈಯಲ್ಲಿದೆಯೋ ಆ ಪಕ್ಷದವರು ನಾಲ್ಕು ಪ್ರಯತ್ನಗಳೊಳಗೆ ಅದನ್ನು ಹತ್ತು ಗಜ ಮುಂದೊಯ್ಯಬೇಕು. ಒಯ್ಯಲಾರದೆ ಹೋದರೆ ಎದುರಾಳಿಗಳಿಗೆ ಒಪ್ಪಿಸಬೇಕು. ಒಂದೊಂದು ಪ್ರಯತ್ನವೂ ಕೆಲವೇ ಸೆಕೆಂಡುಗಳ ಕೆಲಸ. ಆದರೆ ಯಾರು ಎಲ್ಲಿಗೆ ಓಡಬೇಕು, ಯಾರು ಯಾರನ್ನು ತಡೆಯಬೇಕು ಎಂಬುದೆಲ್ಲ ಅದಕ್ಕೆ ಮುಂಚಿತವಾಗಿಯೇ ನಿಶ್ಚಯವಾಗಿರುತ್ತದೆ. ಇಂತಹ ಅನೇಕ ವ್ಯೂಹಗಳನ್ನು ಆಟಗಾರನು ಬಾಯಿಪಾಠ ಮಾಡಿರಬೇಕು. ಆದಕಾರಣ, ಹೊರನೋಟಕ್ಕೆ ಬರಿಯ ಮೈಬಲದ ಕಾಳಗದಂತೆ ತೋರುವ ಈ ಆಟವು ಪಾಠದಂತೆ ಕುಳಿತು ಕಲಿಯಬೇಕಾದ ಆಟ. ಕಲಿಸುವವರು ಅನೇಕರು ಬೇಕಾದ ಆಟ.

ಈ ಕಲಿಸುವವರ ವಿಷಯವಾಗಿಯೇ ನಾವು ನಾಲ್ಕು ಮಾತು ಬರೆಯಹೊರಟಿದ್ದೇವೆ. ಸಹಾಯಕರನ್ನು ಆರಿಸುವ ಕಷ್ಟವನ್ನು ಉಂಡು ಬಲ್ಲ ಯಾವ ಮುಖ್ಯೋಪಾಧ್ಯಾಯನಿಗೂ ಈ ವಿಷಯವು ದೂರದೇಶದ್ದಾದರೂ ದೂರವೆನ್ನಿಸಲಾರದು.

ಅಲ್ಲಿಯ ಕಾಲೇಜಿನ ತಂಡಕ್ಕೆ ಪ್ರಧಾನ ತರಬೇತುದಾರನೊಬ್ಬನಿರುತ್ತಾನೆ. ಅವನ ಕೈಕೆಳಗೆ ದಾಳಿಯ ವಿಭಾಗಕ್ಕೊಬ್ಬ, ರಕ್ಷಣೆಯ ವಿಭಾಗಕ್ಕೊಬ್ಬ ಮೇಲ್ವಿಚಾರಕ. ಇವರಿಬ್ಬರ ಕೆಳಗೆ ಒಂದೊಂದು ಸ್ಥಾನಕ್ಕೆ ಒಬ್ಬೊಬ್ಬ ಸಹಾಯಕ: ಕ್ವಾರ್ಟರ್‌ಬ್ಯಾಕ್ ಎಂಬ ಸೂತ್ರಧಾರನಿಗೊಬ್ಬ, ಮುಂಚೂಣಿಯ ಭಾರಿ ಆಳುಗಳಿಗೊಬ್ಬ, ಎಸೆದ ಚೆಂಡನ್ನು ಹಿಡಿಯುವವರಿಗೊಬ್ಬ, ಹಿಂಗಾವಲಿನವರಿಗೊಬ್ಬ. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್.ಸಿ.ಎ.ಎ. ಸಂಘವು ಮೇಲ್ತರಗತಿಯ ತಂಡಗಳಿಗೆ ಬಹುಕಾಲ ಒಂಬತ್ತೇ ಸಹಾಯಕರೆಂದು ಮಿತಿ ಹಾಕಿತ್ತು. 2018ರಲ್ಲಿ ಅದು ಹತ್ತಾಯಿತು. 2024ರಲ್ಲಿ ಬಯಲಿನ ಮೇಲೆ ಕಲಿಸುವವರ ಸಂಖ್ಯೆಯ ಕಟ್ಟನ್ನೇ ಸಡಿಲಿಸಿದರು. ಆದರೂ ಊರೂರಿಗೆ ಹೋಗಿ ಹುಡುಗರನ್ನು ಆರಿಸಿ ತರುವ ಅಧಿಕಾರವನ್ನು ಪ್ರಧಾನನಿಗೂ ಹತ್ತು ಮಂದಿ ಸಹಾಯಕರಿಗೂ ಮಾತ್ರ ಉಳಿಸಿದರು.

ಈ ಕೊನೆಯ ಮಾತನ್ನು ವಾಚಕರು ಗಮನಿಸಬೇಕು. ಸಹಾಯಕನಿಗೆ ಎರಡು ಕೆಲಸ. ಬಂದ ಹುಡುಗರಿಗೆ ಕಲಿಸುವುದು ಒಂದು. ಬರತಕ್ಕ ಹುಡುಗರನ್ನು ಹುಡುಕುವುದು ಇನ್ನೊಂದು. ಹೈಸ್ಕೂಲುಗಳಿಗೆ ಹೋಗಿ, ಅಲ್ಲಿಯ ಅಧ್ಯಾಪಕರೊಡನೆ ಮಾತಾಡಿ, ಹುಡುಗನ ಮನೆಯ ಜಗಲಿಯಲ್ಲಿ ಕುಳಿತು, ತಾಯಿತಂದೆಗಳಿಗೆ ಭರವಸೆ ಕೊಟ್ಟು ಬರುವವನು ಇವನೇ. ವಿದ್ಯೆಗೆ ಹೆಸರಾದ ಕಾಲೇಜಿನ ಕಷ್ಟ ಪ್ರಾರಂಭವಾಗುವುದು ಇಲ್ಲಿ.

ಆಟಕ್ಕೂ ಪಾಠಕ್ಕೂ ಆ ದೇಶದಲ್ಲಿ ಇರುವ ಜಗಳ ಹಳೆಯದು. 1869ರಲ್ಲಿ ಪ್ರಿನ್ಸ್‌ಟನ್ ಮತ್ತು ರಟ್‌ಗರ್ಸ್ ಕಾಲೇಜುಗಳ ವಿದ್ಯಾರ್ಥಿಗಳು ಮೊದಲ ಪಂದ್ಯವಾಡಿದಾಗ ತರಬೇತುದಾರನೆಂಬವನೇ ಇರಲಿಲ್ಲ. ಮುಂದೆ ಆಟವು ಕ್ರೂರವಾಗಿ ಹುಡುಗರು ಸಾಯತೊಡಗಲು, 1905ರಲ್ಲಿ ಅಧ್ಯಕ್ಷ ಥಿಯೊಡೋರ್ ರೂಸ್ವೆಲ್ಟರು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಯಿಸಿ ಬುದ್ಧಿ ಹೇಳಬೇಕಾಯಿತು. ಮೇಲೆ ಹೇಳಿದ ಸಂಘವು ಹುಟ್ಟಿದುದು ಅದರ ಮರುವರ್ಷ. ಷಿಕಾಗೋ ವಿಶ್ವವಿದ್ಯಾಲಯದ ಕಥೆ ಇನ್ನೂ ಸ್ವಾರಸ್ಯವಾದುದು. ಅಲ್ಲಿ 1892ರಲ್ಲಿ ಏಮಸ್ ಅಲೊಂಜೊ ಸ್ಟಾಗರನ್ನು ತರಬೇತುದಾರರನ್ನಾಗಿ ತಂದಾಗ ಪ್ರಾಧ್ಯಾಪಕವರ್ಗದಲ್ಲಿಯೇ ಖಾಯಂ ಸ್ಥಾನವನ್ನು ಕೊಟ್ಟರು. ಆಟ ಕಲಿಸುವವನೂ ಅಧ್ಯಾಪಕನೇ ಎಂಬುದು ಇದರ ತಾತ್ಪರ್ಯ. ಆದರೆ ಅದೇ ವಿಶ್ವವಿದ್ಯಾಲಯವು 1939ರಲ್ಲಿ, ರಾಬರ್ಟ್ ಹಚಿನ್ಸರ ಆಡಳಿತದಲ್ಲಿ, ಓದಿಗೆ ಅಡ್ಡಿಯೆಂದು ಫುಟ್‌ಬಾಲ್ ತಂಡವನ್ನೇ ವಿಸರ್ಜಿಸಿತು. ಮತ್ತೆ ಅಲ್ಲಿ ತಂಡ ಕಟ್ಟಿದುದು 1969ರಲ್ಲಿ, ಅದೂ ಬಹಳ ತಗ್ಗಿದ ಮಟ್ಟದಲ್ಲಿ.

ಆಟವನ್ನು ಬಿಡದೆ, ಪಾಠವನ್ನೂ ಕೆಡಿಸದೆ ನಡೆಯಬೇಕೆಂಬ ಮಧ್ಯಮಮಾರ್ಗದವರು ಕೆಲವರುಂಟು. ಹಾರ್ವರ್ಡ್, ಯೇಲ್, ಡಾರ್ಟ್‌ಮತ್ ಮೊದಲಾದ ಎಂಟು ಪುರಾತನ ವಿದ್ಯಾಸಂಸ್ಥೆಗಳು 1954ರಲ್ಲಿ ಐವಿ ಲೀಗ್ ಎಂಬ ಕೂಟವನ್ನು ಕಟ್ಟಿಕೊಂಡು, ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವುದಿಲ್ಲವೆಂಬ ನಿಯಮವನ್ನು ಮಾಡಿಕೊಂಡವು. ತಂಡಕ್ಕೆ ಸೇರುವವರ ಓದಿನ ಮಟ್ಟವು ಇತರ ವಿದ್ಯಾರ್ಥಿಗಳ ಮಟ್ಟಕ್ಕಿಂತ ತೀರ ಕೆಳಗಿಳಿಯದಂತೆ ನೋಡಿಕೊಳ್ಳಲು ಅಂಕಗಳ ಒಂದು ಸೂಚಿಯನ್ನೂ ಇಟ್ಟುಕೊಂಡಿವೆ. ಸ್ಟ್ಯಾನ್‌ಫರ್ಡ್, ನಾರ್ತ್‌ವೆಸ್ಟರ್ನ್, ವಾಂಡರ್‌ಬಿಲ್ಟ್ ಮೊದಲಾದವು ಆಟದ ವಿದ್ಯಾರ್ಥಿವೇತನ ಕೊಡುತ್ತವೆ, ದೊಡ್ಡ ತಂಡಗಳೊಡನೆ ಸೆಣಸುತ್ತವೆ. ಆದರೆ ಅಲ್ಲಿಯೂ ಪ್ರವೇಶದ ಬಾಗಿಲ ಕೀಲಿಕೈ ತರಬೇತುದಾರನ ಬಳಿಯಲ್ಲಿಲ್ಲ. ಪ್ರವೇಶಾಧಿಕಾರಿಗಳು ಅರ್ಜಿಯನ್ನು ನೋಡಿ ಒಪ್ಪಿದರುಂಟು, ಇಲ್ಲದಿದ್ದರಿಲ್ಲ.

ಇಂತಹ ಕಡೆಗೆ ಬರುವ ಸಹಾಯಕನು ಎಂಥವನಾಗಿರಬೇಕು? ಗೆದ್ದ ತಂಡಗಳಲ್ಲಿ ದುಡಿದವನೆಂಬ ಒಂದೇ ಯೋಗ್ಯತೆ ಸಾಲದು. ಬೇರೆ ಕಡೆ ಬಲವೂ ವೇಗವೂ ಉಳ್ಳ ಹುಡುಗನನ್ನು ಕಂಡೊಡನೆ ಮಾತು ಕೊಟ್ಟು ಅಭ್ಯಾಸವಾದವನು, ಇಲ್ಲಿ ಮೊದಲು ಅವನ ಅಂಕಪಟ್ಟಿಯನ್ನು ಓದಬೇಕು. ಯಾವ ಗಣಿತ ಓದಿದ್ದಾನೆ, ಯಾವ ವಿಜ್ಞಾನ ಬಿಟ್ಟಿದ್ದಾನೆ ಎಂದು ನೋಡಬೇಕು. ಕೊಡಲಾಗದ ಪ್ರವೇಶವನ್ನು ಕೊಡುತ್ತೇನೆಂದು ತಾಯಿತಂದೆಗಳಿಗೆ ಹೇಳಿಬಂದರೆ, ಆ ಹುಡುಗನು ಬೇರೆ ಕಾಲೇಜುಗಳ ಕರೆಯನ್ನು ನಿರಾಕರಿಸಿ ಕೊನೆಗೆ ಎಲ್ಲಿಯೂ ಇಲ್ಲದವನಾಗುವ ಭಯವುಂಟು. ಹದಿನೇಳು ವರ್ಷದ ಹುಡುಗನ ಬಾಳಿನ ಪ್ರಶ್ನೆಯದು. ಪಂದ್ಯದ ಸೋಲುಗೆಲುವಿನ ಮಾತಲ್ಲ. ಆಯ್ಕೆಗೆ ಹೊರಡುವ ಮುನ್ನ ತರಬೇತುದಾರರು ನಿಯಮಗಳ ಪರೀಕ್ಷೆಯೊಂದರಲ್ಲಿ ತೇರ್ಗಡೆಯಾಗಬೇಕೆಂದು ಸಂಘವು ವಿಧಿಸಿದ್ದುಂಟು. ಪರೀಕ್ಷೆಯಿಂದ ನಿಯಮ ತಿಳಿಯಬಹುದು, ಸತ್ಯಸಂಧತೆ ತಿಳಿಯದು. ಅದನ್ನು ಕರೆದು ಕೂರಿಸಿ ಮಾತಾಡಿಸುವಾಗ ಪ್ರಧಾನನೇ ಕಂಡುಕೊಳ್ಳಬೇಕು.

ಸಂದರ್ಶನದ ಕ್ರಮ ನಮಗೆ ಬಹಳ ಮೆಚ್ಚಿಗೆಯಾಯಿತು. ಅಭ್ಯರ್ಥಿಯನ್ನು ಹಲಗೆಯ ಮುಂದೆ ನಿಲ್ಲಿಸಿ, ಒಂದು ವ್ಯೂಹವನ್ನು ಬರೆದು ಕಲಿಸೆಂದು ಹೇಳುವುದು ಅಲ್ಲಿಯ ಪದ್ಧತಿ. ಹಿರಿಯ ತರಬೇತುದಾರರು ವಿದ್ಯಾರ್ಥಿಗಳಂತೆ ಕುಳಿತು ಪ್ರಶ್ನೆ ಕೇಳುತ್ತಾರೆ. ತಾನು ಬಲ್ಲುದನ್ನು ಹೇಳುವವನೇ ಬೇರೆ, ಇನ್ನೊಬ್ಬನು ಬಲ್ಲವನಾಗುವಂತೆ ಹೇಳುವವನೇ ಬೇರೆಯೆಂಬುದು ಅರ್ಧ ಗಂಟೆಯಲ್ಲಿ ಬಯಲಾಗುತ್ತದೆ. ಬಿ.ಟಿ. ತರಗತಿಯಲ್ಲಿ ಪಾಠಪರೀಕ್ಷೆಗೆ ನಿಂತು ಬೆವರಿದ ನಮ್ಮಂಥವರಿಗೆ ಇದು ಹೊಸತಲ್ಲ. ವಿದ್ಯಾಭ್ಯಾಸಕ್ಕೆ ಪ್ರಾಧಾನ್ಯ ಕೊಡುವ ಕಾಲೇಜುಗಳಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಏಕೆಂದರೆ ಆಟದ ಋತುವಿನಲ್ಲಿ ವಿದ್ಯಾರ್ಥಿಯಿಂದ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೇಳಕೂಡದೆಂಬ ನಿಯಮವಿದೆ. ಅದರ ಮೇಲೆ, ಒಬ್ಬನಿಗೆ ರಸಾಯನಶಾಸ್ತ್ರದ ಪ್ರಯೋಗ, ಇನ್ನೊಬ್ಬನಿಗೆ ಇಂಜಿನಿಯರಿಂಗ್ ತರಗತಿಯೆಂದು ಅಭ್ಯಾಸಕ್ಕೆ ತಡವಾಗಿ ಬರುವವರಿದ್ದೇ ಇರುತ್ತಾರೆ. ಅದಕ್ಕೆ ಮುಖ ಸಿಂಡರಿಸುವವನು ಅಲ್ಲಿ ಬಾಳಲಾರನು. ಸಂಸ್ಥೆಯ ಹೃದಯವನ್ನರಿಯದ ಶಿಕ್ಷಕನು ಎಷ್ಟು ಪಂಡಿತನಾದರೇನು? ಶಾಲೆಯ ಮಾತನ್ನೇ ಅರಿಯದವರು ಅಧ್ಯಾಪಕರಾಗಿ ಬಂದರೆ ಏನಾಗುವುದೆಂಬುದನ್ನು ಗಡಿನಾಡಿನ ಕನ್ನಡ ಶಾಲೆಗಳವರಿಗೆ ವಿವರಿಸಿ ಹೇಳಬೇಕಾದುದಿಲ್ಲ.

ಇದಕ್ಕೆ ಒಳ್ಳೆಯ ನಿದರ್ಶನ ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ಹ್ಯಾನೋವರ್ ಪಟ್ಟಣದಲ್ಲಿರುವ ಡಾರ್ಟ್‌ಮತ್ ಕಾಲೇಜು. 1769ರಲ್ಲಿ ಸ್ಥಾಪಿತವಾದ ಈ ಕಾಲೇಜಿನಲ್ಲಿಯೇ ಓದಿ, ಅಲ್ಲಿಯ ಕ್ವಾರ್ಟರ್‌ಬ್ಯಾಕ್ ಆಗಿದ್ದ ಬಡ್ಡಿ ಟೀವನ್ಸರು 2005ರಲ್ಲಿ ಎರಡನೆಯ ಬಾರಿಗೆ ಪ್ರಧಾನ ತರಬೇತುದಾರರಾಗಿ ಬಂದರು. 2008ರಲ್ಲಿ ಹತ್ತು ಪಂದ್ಯಗಳಲ್ಲಿ ಹತ್ತನ್ನೂ ಸೋತರು. ಅಷ್ಟಾದರೂ ಕಾಲೇಜಿನವರು ಅವರನ್ನು ಕೈಬಿಡಲಿಲ್ಲವೆಂಬುದನ್ನು ನಾವು ವಿಶೇಷವಾಗಿ ಹೇಳಲಿಚ್ಛಿಸುತ್ತೇವೆ. 2010ರಲ್ಲಿ ಅವರು ಒಂದು ಅಪೂರ್ವ ನಿರ್ಧಾರ ಮಾಡಿದರು: ಅಭ್ಯಾಸದ ವೇಳೆಯಲ್ಲಿ ನಮ್ಮ ಹುಡುಗರು ನಮ್ಮ ಹುಡುಗರನ್ನೇ ಹಿಡಿದು ನೆಲಕ್ಕೆ ಕೆಡಹುವುದು ಬೇಡ. ತಲೆಗೆ ಮತ್ತೆ ಮತ್ತೆ ಬೀಳುವ ಏಟಿನಿಂದ ಮಿದುಳು ಕೆಡುವುದೆಂಬ ಭಯವೇ ಇದಕ್ಕೆ ಕಾರಣ. ಓದಲು ಬಂದ ಹುಡುಗನ ಮಿದುಳನ್ನು ಕೆಡಿಸಿ ಕಳುಹಿಸುವ ಕಾಲೇಜನ್ನು ಏನೆಂದು ಕರೆಯೋಣ?

ನಿರ್ಧಾರ ಪ್ರಧಾನನದು, ಅದನ್ನು ನಡೆಯಿಸಿ ತೋರಿಸುವ ಭಾರವೆಲ್ಲ ಸಹಾಯಕರದು. ಕೆಡಹುವ ವಿದ್ಯೆಯನ್ನು ಯಾರನ್ನೂ ಕೆಡಹದೆ ಕಲಿಸಬೇಕು! ಹೆಜ್ಜೆ ಎಲ್ಲಿಡಬೇಕು, ತಲೆಯನ್ನು ಯಾವ ಕಡೆಗೆ ಓರೆ ಮಾಡಬೇಕು, ತೋಳನ್ನು ಹೇಗೆ ಸುತ್ತಬೇಕು ಎಂದು ಬಿಡಿಬಿಡಿಸಿ, ಮೆತ್ತೆಗಳ ಮೇಲೆಯೂ ಬೊಂಬೆಗಳ ಮೇಲೆಯೂ ಅಭ್ಯಾಸ ಮಾಡಿಸಬೇಕು. ಅದೇ ಕಾಲೇಜಿನ ಇಂಜಿನಿಯರಿಂಗ್ ಶಾಲೆಯ ವಿದ್ಯಾರ್ಥಿಗಳು ಮುಂದೆ ಆಟಗಾರನಂತೆ ಓಡುವ ಯಂತ್ರದ ಬೊಂಬೆಯೊಂದನ್ನೇ ರಚಿಸಿಕೊಟ್ಟರು. ನಾವು ಚಿಕ್ಕಂದಿನಿಂದ ಹೀಗೆಯೇ ಕಲಿತೆವು, ಹೀಗೆಯೇ ಕಲಿಸುತ್ತೇವೆ ಎನ್ನುವ ಸಹಾಯಕರಿಂದ ಈ ಕೆಲಸ ಆಗುವಂಥದಲ್ಲ. 2015ರಲ್ಲಿ ಡಾರ್ಟ್‌ಮತ್ ಐವಿ ಪಟ್ಟವನ್ನು ಇತರ ಇಬ್ಬರೊಡನೆ ಹಂಚಿಕೊಂಡಿತು. 2016ರಲ್ಲಿ ಆ ಕೂಟದ ಎಂಟು ಕಾಲೇಜುಗಳ ತರಬೇತುದಾರರೂ ಪಂದ್ಯಗಳ ಋತುವಿನ ಅಭ್ಯಾಸದಲ್ಲಿ ಪೂರ್ಣ ಹೊಡೆತವನ್ನು ನಿಲ್ಲಿಸಲು ಒಮ್ಮತದಿಂದ ಒಪ್ಪಿದರು.

ಟೀವನ್ಸರ ಇನ್ನೊಂದು ನೇಮಕವೂ ಹೇಳತಕ್ಕದ್ದಾಗಿದೆ. ಸ್ತ್ರೀಯರ ಫುಟ್‌ಬಾಲ್ ತಂಡದಲ್ಲಿ ಅನೇಕ ವರ್ಷ ಆಡಿದ ಕ್ಯಾಲಿ ಬ್ರೌನ್‌ಸನ್ ಎಂಬ ಮಹಿಳೆಯನ್ನು ಅವರು 2018ರಲ್ಲಿ ಋತುವಿಗೆ ಮುಂಚಿನ ಶಿಬಿರಕ್ಕೆ ಎರಡು ವಾರದ ಮಟ್ಟಿಗೆ ಕರೆಯಿಸಿಕೊಂಡರು. ಆಕೆಯ ಕೆಲಸವನ್ನು ಕಣ್ಣಾರೆ ಕಂಡ ಮೇಲೆ ದಾಳಿ ವಿಭಾಗದಲ್ಲಿ ಪೂರ್ಣಕಾಲದ ಸ್ಥಾನವನ್ನು ಕೊಟ್ಟರು. ಎದುರಾಳಿಗಳ ಪಂದ್ಯಗಳ ಚಿತ್ರಗಳನ್ನು ನೋಡಿ, ಅವರ ಪದ್ಧತಿಗಳನ್ನು ಲೆಕ್ಕಹಾಕಿ ಒಪ್ಪಿಸುವ ಕೆಲಸವದು. ಮೇಲ್ತರಗತಿಯ ಕಾಲೇಜು ಫುಟ್‌ಬಾಲಿನಲ್ಲಿ ಪೂರ್ಣಕಾಲದ ತರಬೇತುದಾರಳಾದ ಮೊದಲ ಮಹಿಳೆ ಆಕೆಯೆಂದು ಪತ್ರಿಕೆಗಳು ಬರೆದವು. ಅದಕ್ಕಿಂತಲೂ ನಮ್ಮ ಗಮನ ಸೆಳೆದದ್ದು ಎರಡು ವಾರದ ಆ ಪರೀಕ್ಷಾಕಾಲ. ಶಿಫಾರಸುಪತ್ರಗಳ ಕಟ್ಟಿಗಿಂತ ಹದಿನೈದು ದಿನದ ಕೆಲಸ ಹೆಚ್ಚು ಮಾತಾಡುತ್ತದೆ.

ಸಂಬಳದ ಮಾತೂ ಬರಬೇಕಷ್ಟೆ. ಹೊಸಬನು ಸ್ನಾತಕೋತ್ತರ ವಿದ್ಯಾರ್ಥಿಯಾಗಿ ಓದುತ್ತಲೇ ಅಲ್ಪ ವೇತನಕ್ಕೆ ದುಡಿದು ಮೇಲೆ ಬರುವುದು ರೂಢಿ. ಇತ್ತ, ಲೂಯಿಸಿಯಾನ ಸಂಸ್ಥಾನದ ವಿಶ್ವವಿದ್ಯಾಲಯವು 2018ರಲ್ಲಿ ತನ್ನ ರಕ್ಷಣಾ ವಿಭಾಗದ ಮೇಲ್ವಿಚಾರಕರಿಗೆ ವರ್ಷಕ್ಕೆ 25 ಲಕ್ಷ ಡಾಲರುಗಳನ್ನು ಗೊತ್ತುಮಾಡಿತು. ಇಂಥವರೊಡನೆ ಐವಿ ಕಾಲೇಜುಗಳು ಸ್ಪರ್ಧಿಸುವುದು ಸಾಧ್ಯವಿಲ್ಲ. ಆದುದರಿಂದ ಅವು ಹಣಕ್ಕಿಂತ ಬೇರೆ ಆಕರ್ಷಣೆಯುಳ್ಳವರನ್ನು, ವಿಶೇಷವಾಗಿ ತಮ್ಮಲ್ಲಿಯೇ ಓದಿದವರನ್ನು, ಹುಡುಕುತ್ತವೆ.

ಹಣವಂತ ಸ್ಟ್ಯಾನ್‌ಫರ್ಡಿನ ಅನುಭವವೂ ಇದೇ. 2006ರಲ್ಲಿ ಹನ್ನೆರಡರಲ್ಲಿ ಒಂದೇ ಪಂದ್ಯ ಗೆದ್ದ ತಂಡಕ್ಕೆ ಜಿಮ್ ಹಾರ್ಬಾ ಅವರು ಪ್ರಧಾನರಾಗಿ ಬರುವಾಗ, ಅಲ್ಲಿಯೇ ಓದಿ ಆಡಿದ್ದ ಡೇವಿಡ್ ಷಾ ಅವರನ್ನು ಸಹಾಯಕರನ್ನಾಗಿ ಕರೆತಂದರು. 2007ರ ಅಕ್ಟೋಬರ್ 6ರಂದು ಪ್ರಬಲರಾದ ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದವರನ್ನು 24-23ರಿಂದ ಸೋಲಿಸಿ ದೇಶವನ್ನು ಬೆರಗುಗೊಳಿಸಿದರು. ಆ ದಿನ ಕ್ವಾರ್ಟರ್‌ಬ್ಯಾಕ್ ಆಗಿ ನಿಂತ ಟವೀಟ ಪ್ರಿಚರ್ಡ್ ಎಂಬ ವಿದ್ಯಾರ್ಥಿಯೇ ಮುಂದೆ 2010ರಿಂದ 2022ರವರೆಗೆ ಅಲ್ಲಿಯ ತರಬೇತುದಾರರ ಬಳಗದಲ್ಲಿದ್ದರು. 2011ರಲ್ಲಿ ಹಾರ್ಬಾ ಅವರು ವೃತ್ತಿತಂಡವೊಂದಕ್ಕೆ ಹೋಗುವಾಗ ದಾಳಿ ಮತ್ತು ರಕ್ಷಣೆಯ ಪ್ರಮುಖ ಸಹಾಯಕರನ್ನು ತಮ್ಮೊಡನೆ ಕರೆದೊಯ್ದರು. ಉಳಿದುಕೊಂಡವರು ಷಾ. ಅವರೇ ಪ್ರಧಾನರಾಗಿ, 2022ರವರೆಗೆ 96 ಪಂದ್ಯಗಳನ್ನು ಗೆದ್ದು, ಆ ವಿಶ್ವವಿದ್ಯಾಲಯದ ಚರಿತ್ರೆಯಲ್ಲಿಯೇ ಅತಿ ಹೆಚ್ಚು ಗೆಲುವಿನ ತರಬೇತುದಾರರಾದರು. ಕೊನೆಯ ಎರಡು ವರ್ಷ ಮಾತ್ರ ಮೂರು ಮೂರೇ ಗೆಲುವು. ಆಟಗಾರರು ಕಾಲೇಜಿನಿಂದ ಕಾಲೇಜಿಗೆ ಸುಲಭವಾಗಿ ವರ್ಗವಾಗುವ ಏರ್ಪಾಡು 2018ರಿಂದ ಬಂದಿದೆ. 2021ರಿಂದ ಆಟಗಾರರಿಗೆ ತಮ್ಮ ಹೆಸರಿನ ಮೇಲೆ ಹಣ ಗಳಿಸುವ ಅವಕಾಶವೂ ಆಗಿದೆ. ವರ್ಗವಾಗಿ ಬರುವವರನ್ನು ಬೆರಳೆಣಿಕೆಯಷ್ಟೇ ಸೇರಿಸುತ್ತಿದ್ದ ಸ್ಟ್ಯಾನ್‌ಫರ್ಡಿಗೆ ಇದು ದೊಡ್ಡ ಪೆಟ್ಟಾಯಿತು. ಹೋದವರ ಜಾಗ ತುಂಬದ ಮೇಲೆ ಇರುವವರನ್ನೇ ತಿದ್ದಿ ಬೆಳೆಯಿಸಬೇಕು. ಕಲಿಸಬಲ್ಲ ಸಹಾಯಕನ ಅಗತ್ಯ ಅಲ್ಲಿ ಮೊದಲಿಗಿಂತಲೂ ಹೆಚ್ಚಾಗಿದೆ.

ಸಹಾಯಕನನ್ನು ನೇಮಿಸುವಾಗ, ನಾಳೆ ಇವನೇ ಪ್ರಧಾನನಾಗಬೇಕಾದೀತೆಂಬ ಯೋಚನೆಯೂ ಇರತಕ್ಕದ್ದು. ನಾರ್ತ್‌ವೆಸ್ಟರ್ನ್‌ನಲ್ಲಿ 2006ರ ಜೂನ್ ತಿಂಗಳಲ್ಲಿ ರ‍್ಯಾಂಡಿ ವಾಕರರು ಅಕಸ್ಮಾತ್ತಾಗಿ ತೀರಿಕೊಂಡಾಗ 31 ವರ್ಷದ ಸಹಾಯಕ ಪ್ಯಾಟ್ ಫಿಟ್ಸ್‌ಜೆರಾಲ್ಡರ ಹೆಗಲಿಗೆ ಹೊರೆ ಬಿದ್ದಿತು. 2023ರ ಜುಲೈಯಲ್ಲಿ ಅದೇ ಸ್ಥಾನ ಮತ್ತೆ ಹಠಾತ್ತನೆ ತೆರವಾಗಲು, ಆ ವರ್ಷದ ಜನವರಿಯಲ್ಲಷ್ಟೇ ರಕ್ಷಣಾ ವಿಭಾಗಕ್ಕೆ ಬಂದಿದ್ದ ಡೇವಿಡ್ ಬ್ರಾನರು ತಂಡವನ್ನು ವಹಿಸಿಕೊಂಡರು. ಹಿಂದೆಂದೂ ಪ್ರಧಾನರಾಗಿರದ ಅವರು, ಹಿಂದಿನ ವರ್ಷ ಒಂದೇ ಪಂದ್ಯ ಗೆದ್ದಿದ್ದ ತಂಡದಿಂದ ಎಂಟು ಗೆಲುವನ್ನು ಪಡೆದರು.

ಡಾರ್ಟ್‌ಮತ್ತಿನಲ್ಲಿಯೂ ಅದೇ ವರ್ಷ ಹಾಗೆಯೇ ಆಯಿತು. 2023ರ ಮಾರ್ಚಿಯಲ್ಲಿ ಸೈಕಲಿನಲ್ಲಿ ಹೋಗುತ್ತಿದ್ದ ಟೀವನ್ಸರಿಗೆ ವಾಹನವೊಂದು ಬಡಿದು ತೀವ್ರವಾದ ಗಾಯಗಳಾದವು. ಸೆಪ್ಟೆಂಬರಿನಲ್ಲಿ, ಋತುವಿನ ಮೊದಲ ಪಂದ್ಯ ಮುಗಿದ ಕೆಲವೇ ದಿನಗಳಲ್ಲಿ, ಅವರು ತೀರಿಕೊಂಡರು. ತಂಡವನ್ನು ನಡೆಯಿಸಿದವರು ಸ್ಯಾಮಿ ಮೆಕಾರ್ಕಲ್. 2005ರಲ್ಲಿ ಟೀವನ್ಸರು ಹಿಂದಿರುಗಿದಾಗಲೇ ಅವರೊಡನೆ ಸಹಾಯಕರಾಗಿ ಬಂದು, ಹತ್ತಕ್ಕೆ ಹತ್ತು ಸೋತ ವರ್ಷದಲ್ಲಿಯೂ ಬಿಟ್ಟುಹೋಗದೆ, ಹದಿನೆಂಟು ವರ್ಷ ಅಲ್ಲಿಯೇ ಇದ್ದವರು. ಆ ಋತುವಿನ ಐವಿ ಪಟ್ಟವನ್ನು ಡಾರ್ಟ್‌ಮತ್ತಿನ ಹುಡುಗರು ಹಾರ್ವರ್ಡ್ ಮತ್ತು ಯೇಲ್‌ಗಳೊಡನೆ ಹಂಚಿಕೊಂಡರು. ಮೆಕಾರ್ಕಲರನ್ನು ಕಾಲೇಜು ಪ್ರಧಾನ ತರಬೇತುದಾರರನ್ನಾಗಿ ಖಾಯಂ ಮಾಡಿತು.