ರಾಣಿಯನ್ನು ಕೊಟ್ಟು ರಾಜನನ್ನು ಬರಮಾಡಿಕೊಂಡ ಆಟ

2022ರ ಮೇ 15ರಂದು ಬ್ಯಾಂಕಾಕ್‌ನಲ್ಲಿ ಭಾರತದ ಪುರುಷರ ಬ್ಯಾಡ್ಮಿಂಟನ್ ತಂಡವು ಇಂಡೊನೇಷ್ಯಾವನ್ನು 3–0ರಿಂದ ಮಣಿಸಿ ಮೊದಲ ಬಾರಿಗೆ ಥಾಮಸ್ ಕಪ್ ಗೆದ್ದಿತು. ಬೆಂಗಳೂರಿನ ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಪಳಗಿದ ಲಕ್ಷ್ಯ ಸೇನ್ ಅಂದು ಮೊದಲ ಪಂದ್ಯ ಗೆದ್ದುಕೊಟ್ಟಿದ್ದರು. ಕಪ್‌ಗೆ ಹೆಸರು ಕೊಟ್ಟ ಸರ್ ಜಾರ್ಜ್ ಥಾಮಸ್ ಯಾರೆಂದು ಆಗ ಕೇಳಿದವರು ಕಡಿಮೆ. ಅವರು ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್‌ನಲ್ಲಿ ಒಟ್ಟು 21 ಪ್ರಶಸ್ತಿಗಳನ್ನು ಗೆದ್ದವರು. ಅಷ್ಟೇ ಅಲ್ಲದೆ 1923 ಮತ್ತು 1934ರಲ್ಲಿ ಬ್ರಿಟನ್ನಿನ ಚೆಸ್ ಚಾಂಪಿಯನ್ ಆಗಿದ್ದವರು. ಆದರೂ ಚದುರಂಗ ಪ್ರಿಯರು ಅವರನ್ನು ಹೆಚ್ಚಾಗಿ ಸ್ಮರಿಸುವುದು ಅವರು ಕಂಡ ಒಂದು ಸೋಲಿನಿಂದ.

ಆ ಸೋಲು ಒದಗಿದ್ದು 1912ರಲ್ಲಿ, ಸಿಟಿ ಆಫ್ ಲಂಡನ್ ಚೆಸ್ ಕ್ಲಬ್‌ನಲ್ಲಿ. ಅದು ಯಾವ ಟೂರ್ನಿಯ ಪಂದ್ಯವೂ ಆಗಿರಲಿಲ್ಲ, ಕ್ಲಬ್‌ಗೆ ಬಂದ ಅತಿಥಿಯೊಡನೆ ಆಡಿದ ಸೌಹಾರ್ದದ ಆಟವಾಗಿತ್ತು. ಅತಿಥಿಯ ಹೆಸರು ಎಡ್ವರ್ಡ್ ಲಾಸ್ಕರ್. ಜರ್ಮನಿಯ 26ರ ಹರೆಯದ ಎಂಜಿನಿಯರ್. (ಅಂದಿನ ವಿಶ್ವ ಚಾಂಪಿಯನ್ ಇಮಾನ್ಯುಯೆಲ್ ಲಾಸ್ಕರ್ ಬೇರೆ, ಇವರು ಬೇರೆ. ಹೆಸರಿನ ಗೊಂದಲ ಇಂದಿಗೂ ತಪ್ಪಿಲ್ಲ.) ಬಿಳಿಯ ಕಾಯಿಗಳು ಲಾಸ್ಕರ್ ಪಾಲಿಗೆ ಬಂದವು. ಥಾಮಸ್ ಡಚ್ ಡಿಫೆನ್ಸ್ ಆರಿಸಿಕೊಂಡರು. ಕೇವಲ 18 ನಡೆಗಳಲ್ಲಿ ಆಟ ಮುಗಿಯಿತು.

ಮನೆಯಲ್ಲಿ ಚದುರಂಗದ ಹಾಸು ಇದ್ದವರು 10 ನಡೆಗಳ ನಂತರದ ಸ್ಥಿತಿಯನ್ನು ಹೀಗೆ ಜೋಡಿಸಿಕೊಳ್ಳಬಹುದು. ಬಿಳಿ: ರಾಜ ಇ1, ರಾಣಿ ಎಚ್5, ಆನೆಗಳು ಎ1 ಮತ್ತು ಎಚ್1, ಒಂಟೆ ಡಿ3, ಕುದುರೆಗಳು ಇ4 ಮತ್ತು ಇ5, ಕಾಲಾಳುಗಳು ಎ2, ಬಿ2, ಸಿ2, ಡಿ4, ಎಫ್2, ಜಿ2, ಎಚ್2. ಕಪ್ಪು: ರಾಜ ಜಿ8, ರಾಣಿ ಇ7, ಆನೆಗಳು ಎ8 ಮತ್ತು ಎಫ್8, ಒಂಟೆಗಳು ಬಿ7 ಮತ್ತು ಎಫ್6, ಕುದುರೆ ಬಿ8, ಕಾಲಾಳುಗಳು ಎ7, ಬಿ6, ಸಿ7, ಡಿ7, ಇ6, ಜಿ7, ಎಚ್7. ಹಳಬರು ರಾಣಿಯನ್ನು ಮಂತ್ರಿ ಎಂದು ಓದಿಕೊಂಡರೂ ಅಡ್ಡಿಯಿಲ್ಲ.

ಎಣಿಸಿ ನೋಡಿದರೆ ಬಲಾಬಲ ಸಮ. ಆದರೆ ಬಿಳಿಯ ರಾಣಿ, ಒಂಟೆ ಮತ್ತು ಎರಡು ಕುದುರೆಗಳು ಕಪ್ಪು ರಾಜನತ್ತ ಮುಖ ಮಾಡಿ ನಿಂತಿವೆ. ಕಪ್ಪಿನ ಕುದುರೆಯೂ ಒಂದು ಆನೆಯೂ ಎಡಮೂಲೆಯಲ್ಲಿ ಹುಟ್ಟಿದ ಮನೆಯನ್ನೇ ಬಿಟ್ಟಿಲ್ಲ.

ಥಾಮಸ್ ಅಜಾಗರೂಕರಾಗಿ ಆಡಿದರೆಂದು ಹೇಳುವಂತಿಲ್ಲ. ಬಿಳಿಯ ಹೊಂಚು ಅವರಿಗೆ ಸ್ಪಷ್ಟವಾಗಿಯೇ ಕಂಡಿತ್ತು: ಕುದುರೆಯು ಎಫ್6ರ ಒಂಟೆಯನ್ನು ಕಡಿದು ಚೆಕ್ ಕೊಡುವುದು, ಬಳಿಕ ರಾಣಿ ಎಚ್7ಕ್ಕೆ ನುಗ್ಗಿ ಚೆಕ್‌ಮೇಟ್. ಇದಕ್ಕೆ ಪ್ರತಿಯಾಗಿಯೇ ಅವರು ಹತ್ತನೆಯ ನಡೆಯಲ್ಲಿ ರಾಣಿಯನ್ನು ಇ7ರಲ್ಲಿ ಇರಿಸಿದರು. ಕುದುರೆ ಎಫ್6ಕ್ಕೆ ಬಂದರೆ ಜಿ7ರ ಕಾಲಾಳು ಅದನ್ನು ಕಡಿಯುತ್ತದೆ. ಕಾಲಾಳು ಸರಿದೊಡನೆ ಏಳನೆಯ ಸಾಲು ತೆರವಾಗಿ ರಾಣಿಯ ನೋಟ ನೇರವಾಗಿ ಎಚ್7ನ್ನು ಕಾಯುತ್ತದೆ. ಲೆಕ್ಕ ಸರಿಯಾಗಿತ್ತು. ಆದರೆ ಆ ಲೆಕ್ಕಕ್ಕೆ ಒಂದು ಷರತ್ತಿತ್ತು: ಬಿಳಿಯು ಮೊದಲು ಕುದುರೆಯನ್ನೇ ನಡೆಸಬೇಕು! ಒಂಟೆಯಿಂದ ಇ5ರ ಕುದುರೆಯನ್ನು ಆಗಲೇ ಕಡಿದುಹಾಕಿದ್ದರೆ ಆಟ ಬಹಳ ಹೊತ್ತು ನಡೆಯುತ್ತಿತ್ತು.

ಲಾಸ್ಕರ್ ನಡೆಗಳ ಕ್ರಮವನ್ನೇ ತಿರುಗಿಸಿದರು. ಹನ್ನೊಂದನೆಯ ನಡೆಯಲ್ಲಿ ರಾಣಿಯೇ ಎಚ್7ರ ಕಾಲಾಳನ್ನು ಕಡಿಯಿತು. ಚೆಕ್! ಒಂದು ಕಾಲಾಳಿಗಾಗಿ ಹಾಸಿನ ಮೇಲಿನ ಅತ್ಯಂತ ಬಲಶಾಲಿ ಕಾಯಿಯ ತ್ಯಾಗ. ರಾಜ ಅದನ್ನು ಕಡಿಯಲೇಬೇಕಾಯಿತು, ಬೇರೆ ನಡೆಯೇ ಇರಲಿಲ್ಲ.

ಎರಡು ಬಾಣ, ಒಂದೇ ಗುರಿ

ಸಂಯೋಜನೆಯ ಜೀವಾಳವಿರುವುದು ಹನ್ನೆರಡನೆಯ ನಡೆಯಲ್ಲಿ. ಇ4ರ ಕುದುರೆ ಎಫ್6ರ ಒಂಟೆಯನ್ನು ಕಡಿಯುತ್ತದೆ. ಕುದುರೆಯಿಂದ ಒಂದು ಚೆಕ್. ಕುದುರೆ ಸರಿದ ದಾರಿಯಲ್ಲಿ ಡಿ3ರ ಒಂಟೆಯಿಂದ ಓರೆಯಾಗಿ ಇನ್ನೊಂದು ಚೆಕ್. ಒಂದೇ ಚೆಕ್ ಬಂದಾಗ ಪಾರಾಗಲು ಮೂರು ಉಪಾಯಗಳುಂಟು: ದಾಳಿಕೋರ ಕಾಯಿಯನ್ನು ಕಡಿಯುವುದು, ನಡುವೆ ಕಾಯಿ ಇಟ್ಟು ತಡೆಯುವುದು, ರಾಜನನ್ನು ಸರಿಸುವುದು. ಜೋಡಿ ಚೆಕ್‌ನಲ್ಲಿ ಮೊದಲಿನ ಎರಡೂ ನಿಷ್ಪ್ರಯೋಜಕ. ಕುದುರೆಯನ್ನು ಕಡಿದರೆ ಒಂಟೆಯ ಚೆಕ್ ಉಳಿಯುತ್ತದೆ, ಒಂಟೆಯನ್ನು ತಡೆದರೆ ಕುದುರೆಯದು ಉಳಿಯುತ್ತದೆ. ಥಾಮಸ್ ನಂಬಿಕೊಂಡಿದ್ದ ಜಿ7ರ ಕಾಲಾಳು ಕುದುರೆಯನ್ನು ಕಡಿಯುವಷ್ಟು ಹತ್ತಿರದಲ್ಲಿದ್ದೂ ಕೈಕಟ್ಟಿ ನಿಲ್ಲಬೇಕಾಯಿತು.

ರಾಜನಿಗೆ ಉಳಿದದ್ದು ಎರಡೇ ಮನೆ. ಎಚ್8ಕ್ಕೆ ಹಿಂದೆ ಸರಿದರೆ ಇನ್ನೊಂದು ಕುದುರೆ ಜಿ6ಕ್ಕೆ ಹಾರಿ ಅಲ್ಲಿಯೇ ಮೇಟ್. ಆದ್ದರಿಂದ ಥಾಮಸ್ ಎಚ್6ಕ್ಕೆ ಬಂದರು. ಇಡೀ ಸಂಯೋಜನೆಯಲ್ಲಿ ಅವರಿಗೆ ಆಯ್ಕೆ ಎಂಬುದು ಇದ್ದದ್ದು ಇಲ್ಲಿ ಮಾತ್ರ.

ಮುಂದಿನದು ರಾಜನ ಮೆರವಣಿಗೆ. ಇ5ರ ಕುದುರೆ ಜಿ4ಕ್ಕೆ ಬಂದು ಚೆಕ್, ರಾಜ ಜಿ5ಕ್ಕೆ. ಎಚ್ ಕಾಲಾಳು ಎರಡು ಮನೆ ಮುಂದೆ ಬಂದು ಚೆಕ್, ರಾಜ ಎಫ್4ಕ್ಕೆ. ಜಿ ಕಾಲಾಳು ಒಂದು ಮನೆ ಮುಂದಿಟ್ಟು ಚೆಕ್, ರಾಜ ಎಫ್3ಕ್ಕೆ. ಒಂಟೆ ಇ2ಕ್ಕೆ ಹಿಂದೆ ಸರಿದು ಚೆಕ್, ರಾಜ ಜಿ2ಕ್ಕೆ. ಆನೆ ಎಚ್2ಕ್ಕೆ ಬಂದು ಚೆಕ್, ರಾಜ ಜಿ1ಕ್ಕೆ. ಪ್ರತಿ ಬಾರಿಯೂ ರಾಜನಿಗೆ ನಿಯಮ ಅನುಮತಿಸುವ ಮನೆ ಒಂದೇ. ಜಿ8ರಲ್ಲಿ ತನ್ನ ಪರಿವಾರದ ನಡುವೆ ಕುಳಿತಿದ್ದ ರಾಜ ಏಳು ಹೆಜ್ಜೆಗಳಲ್ಲಿ ವೈರಿಯ ಅಂತಃಪುರ ತಲುಪಿದ್ದ. ಅವನ ರಾಣಿ, ಎರಡು ಆನೆ, ಒಂಟೆ, ಕುದುರೆ ಎಲ್ಲವೂ ಹಿಂದೆ ಇದ್ದಲ್ಲಿಯೇ ಇದ್ದವು. ಒಂದಕ್ಕೂ ನಡೆ ಸಿಗಲಿಲ್ಲ.

ಎಫ್6 ಮತ್ತು ಜಿ4ರ ಎರಡು ಕುದುರೆಗಳನ್ನು ಗಮನಿಸಬೇಕು. ಅವು ಒಂದಕ್ಕೊಂದು ಕಾವಲು. ರಾಜ ಪಕ್ಕದಲ್ಲೇ ಹಾದುಹೋದರೂ ಜಿ4ರ ಕುದುರೆಯನ್ನು ಮುಟ್ಟುವಂತಿಲ್ಲ, ಏಕೆಂದರೆ ಎಫ್6ರದು ಅದನ್ನು ಕಾಯುತ್ತಿದೆ. ಜಿ4ರ ಕುದುರೆಯೋ ಕೊನೆಯಲ್ಲಿ ಎಚ್2ರ ಆನೆಗೂ ಬೆಂಬಲವಾಗಿ ನಿಲ್ಲುತ್ತದೆ.

ಹದಿನೆಂಟನೆಯ ನಡೆ. ಲಾಸ್ಕರ್ ತಮ್ಮ ರಾಜನನ್ನು ಇ1ರಿಂದ ಡಿ2ಕ್ಕೆ ಸರಿಸಿದರು, ಅಷ್ಟೇ. ಅವನು ಪಕ್ಕಕ್ಕೆ ಸರಿದೊಡನೆ ಮೊದಲ ಸಾಲು ತೆರವಾಯಿತು. ಆಟದುದ್ದಕ್ಕೂ ಒಮ್ಮೆಯೂ ಕದಲದೆ ಎ1ರಲ್ಲಿ ನಿಂತಿದ್ದ ಆನೆಯಿಂದ ಜಿ1ರ ರಾಜನಿಗೆ ಚೆಕ್‌ಮೇಟ್! ರಾಜ ಹೆಜ್ಜೆಯಿಟ್ಟು ರಾಜನಿಗೆ ಮೇಟ್ ಆಗುವುದು ಚದುರಂಗದಲ್ಲಿ ಅಪರೂಪದ ದೃಶ್ಯ. ರಾಣಿಯ ಕಡೆಗೆ ಕ್ಯಾಸ್ಲಿಂಗ್ ಮಾಡಿದ್ದರೂ ಅಲ್ಲಿ ಮೇಟ್ ಆಗುತ್ತಿತ್ತು. ಅದೇ ಹೆಚ್ಚು ಸೊಗಸೆಂದು ವಾದಿಸುವವರಿದ್ದಾರೆ. ಆದರೆ ಅತಿಥಿಗೆ ದಾರಿ ಬಿಡುವವನಂತೆ ರಾಜ ಒಂದು ಹೆಜ್ಜೆ ಸರಿಯುವುದರಲ್ಲಿರುವ ತುಂಟತನ ಕ್ಯಾಸ್ಲಿಂಗ್‌ನಲ್ಲಿ ಇಲ್ಲ.

ಜೂಜಲ್ಲ, ಲೆಕ್ಕ

ತ್ಯಾಗ ಎಂಬ ಮಾತು ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಚದುರಂಗದ ಕೆಲವು ತ್ಯಾಗಗಳು ನಿಜಕ್ಕೂ ಸಾಹಸಗಳೇ. ಎದುರಾಳಿ ಸರಿಯಾಗಿ ಉತ್ತರಿಸಿದರೆ ಕೊಟ್ಟ ಕಾಯಿ ಕೊಟ್ಟಂತೆಯೇ ಹೋಗುತ್ತದೆ. ಈ ಆಟದಲ್ಲಿ ಅಂಥ ಅಪಾಯ ಇರಲಿಲ್ಲ. ಅಂಕಗಳ ಲೆಕ್ಕದಲ್ಲಿ ರಾಣಿಗೆ 9, ಒಂಟೆಗೆ 3, ಕಾಲಾಳಿಗೆ 1. ಹನ್ನೆರಡನೆಯ ನಡೆಯ ಹೊತ್ತಿಗೆ ಲಾಸ್ಕರ್ 9 ಕೊಟ್ಟು 4 ಪಡೆದಿದ್ದರು, ಅಂದರೆ 5 ಅಂಕಗಳ ನಷ್ಟದಲ್ಲಿದ್ದರು. ಆದರೆ ರಾಣಿ ಕೈಬಿಟ್ಟ ನಡೆಯಿಂದ ಕೊನೆಯವರೆಗೆ ಬಿಳಿಯ ಎಂಟೂ ನಡೆಗಳು ಚೆಕ್ ಆಗಿದ್ದವು. ಎದುರಾಳಿಗೆ ತನ್ನ ಹೆಚ್ಚಿನ ಬಲವನ್ನು ಬಳಸಲು ಒಂದು ನಡೆಯ ಬಿಡುವೂ ಸಿಗದಿದ್ದರೆ ಆ 5 ಅಂಕಗಳಿಗೆ ಬೆಲೆಯೇ ಇಲ್ಲ. ಕಷ್ಟವಿರುವುದು ಇದನ್ನು ರಾಣಿ ಇನ್ನೂ ಎಚ್5ರಲ್ಲಿರುವಾಗಲೇ ಕಾಣುವುದರಲ್ಲಿ.

ಆಟ ಸಂಪೂರ್ಣ ನಿರ್ದುಷ್ಟವೇ ಎಂದರೆ ಅಲ್ಲ. ಹದಿನಾಲ್ಕನೆಯ ನಡೆಯಲ್ಲಿ ಎಚ್ ಕಾಲಾಳಿನ ಬದಲು ಎಫ್ ಕಾಲಾಳನ್ನು ಎಫ್4ಕ್ಕೆ ತಳ್ಳಿದ್ದರೆ ಮೇಟ್ ಒಂದು ನಡೆ ಮೊದಲೇ ಆಗುತ್ತಿತ್ತು. ರಾಜ ಎಚ್4ಕ್ಕೆ, ಜಿ3ರ ಚೆಕ್‌ಗೆ ಎಚ್3ಕ್ಕೆ; ಒಂಟೆ ಎಫ್1ರಿಂದ ಚೆಕ್ ಕೊಟ್ಟಾಗ ಕಪ್ಪು ಒಂಟೆ ಜಿ2ಕ್ಕೆ ಬಂದು ತಡೆದರೂ, ಕುದುರೆ ಎಫ್2ಕ್ಕೆ ಬಂದು ಮೇಟ್. ಇಂದಿನ ಕಂಪ್ಯೂಟರ್ ಇದನ್ನು ಕ್ಷಣದಲ್ಲಿ ತೋರಿಸುತ್ತದೆ. ಆದರೆ ಆ ದಾರಿಯಲ್ಲಿ ರಾಜ ಹಾಸಿನ ಅಂಚಿನಲ್ಲಿಯೇ ಸಾಯುತ್ತಿದ್ದ, ಜಿ1ರವರೆಗಿನ ಪಯಣ ನಡೆಯುತ್ತಲೇ ಇರಲಿಲ್ಲ. ಒಂದು ನಡೆ ಹೆಚ್ಚಾಯಿತೆಂದು ಯಾವ ಓದುಗನೂ ಈವರೆಗೆ ದೂರಿರಲಾರ.

ಲಾಸ್ಕರ್ 1914ರಲ್ಲಿ ಅಮೆರಿಕಕ್ಕೆ ತೆರಳಿ ಅಲ್ಲಿಯೇ ನೆಲೆಸಿದರು. 1923ರಲ್ಲಿ ಅಮೆರಿಕದ ಚಾಂಪಿಯನ್ ಪಟ್ಟಕ್ಕಾಗಿ ಫ್ರಾಂಕ್ ಮಾರ್ಷಲ್ ಅವರೊಡನೆ ಸೆಣಸಿ ಕೇವಲ ಒಂದು ಅಂಕದಿಂದ ಸೋತರು. ಥಾಮಸ್ 1934–35ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೂ, ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ಬೊಟ್ವಿನ್ನಿಕ್ ಅವರನ್ನೂ ಸೋಲಿಸಿ ಅಗ್ರಸ್ಥಾನ ಹಂಚಿಕೊಂಡರು.

ಲಂಡನ್ನಿನ ಆ ದಿನದ ಬಗ್ಗೆ ಲಾಸ್ಕರ್ ತಮ್ಮ ಪುಸ್ತಕವೊಂದರಲ್ಲಿ ಬರೆದಿದ್ದಾರೆ. ಮೇಟ್ ಆದೊಡನೆ ಥಾಮಸ್ ಸೊಗಸಾಗಿತ್ತು ಎಂಬರ್ಥದ ಮಾತನ್ನಾಡಿದರು. ಆಗಿನ್ನೂ ಇಂಗ್ಲಿಷ್ ಬಾರದ ಲಾಸ್ಕರ್‌ಗೆ ನೋಡುತ್ತ ನಿಂತಿದ್ದವರೊಬ್ಬರು ಅದನ್ನು ಅನುವಾದಿಸಿ ಹೇಳಬೇಕಾಯಿತು.